ಕಿವಿ ಕೊಟ್ಟವಳು

ಈಗ ನೆಮ್ಮದಿಯಾಗಿ ಕೂತು ಹೇಳಬಲ್ಲೆ. ಆಗ ಹದಿನೈದು ದಿನ ನಾನು ಹೊಲಿದ ಒಂದು ರವಿಕೆಯೂ ನೆಟ್ಟಗೆ ಬರಲಿಲ್ಲ. ಶಾಲೆಯ ಟೀಚರೊಬ್ಬರಿಗೆ ಬಲತೋಳು ಮೊಣಕೈವರೆಗೆ, ಎಡತೋಳು ಅದಕ್ಕಿಂತ ಎರಡು ಬೆರಳು ಗಿಡ್ಡ ಮಾಡಿ ಕೊಟ್ಟೆ. ಅವರು ಹಾಕಿ ನೋಡಿ, ಇದೇ ಈಗಿನ ಫ್ಯಾಶನ್ನಾ ಗುಲಾಬಿ ಎಂದು ಕೇಳಿದರು. ಹೌದು ಎಂದೆ. ಸುಳ್ಳು ಹೇಳಿದ್ದಕ್ಕೆ ಬೇಸರವೂ ಆಗಲಿಲ್ಲ, ಏಕೆಂದರೆ ನನ್ನ ತಲೆಯಲ್ಲಿ ಆಗ ಬೇರೆಯವರ ಗಂಟೊಂದು ಕೂತಿತ್ತು.

ನಮ್ಮೂರಿಗೆ ಆಚೆ ದಡದಿಂದ ಬರಲು ಲಾಂಚು ಬಿಟ್ಟರೆ ದಾರಿಯಿಲ್ಲ. ಬೆಳಿಗ್ಗೆ ಹತ್ತಕ್ಕೆ ಹೊರಟರೆ ಸಂಜೆ ನಾಲ್ಕಕ್ಕೆ ಮುಟ್ಟುತ್ತದೆ. ಹತ್ತುವಾಗ ಗಂಟುಮೂಟೆಗಳನ್ನೆಲ್ಲ ಕೆಳಗಿನ ಕೋಣೆಯಲ್ಲಿ ಇಡಬೇಕು. ಇಳಿಯುವಾಗ ಒಂದೋ ಎರಡೋ ಇರುವುದಿಲ್ಲ. ಬಾಗಿಲಿಗೆ ಬೀಗ, ಬೀಗಕ್ಕೆ ಮೊಹರು, ಆದರೂ ಇರುವುದಿಲ್ಲ. ಕಂಪನಿಯವರು ಬೀಗ ಬದಲಿಸಿ ನೋಡಿದರು, ಕೋಣೆ ಬದಲಿಸಿ ನೋಡಿದರು, ಕೊನೆಗೆ ಲಾಂಚು ನಡೆಸುವ ಸ್ರಾಂಗನನ್ನೂ ಬದಲಿಸಿದರು. ಕಡಲನ್ನು ಬದಲಿಸಲು ಆಗದ್ದರಿಂದ ಸುಮ್ಮನಾದರು.

ಗಂಟು ಹೋದರೆ ಬರೀ ಗಂಟು ಹೋಗುವುದಿಲ್ಲ. ಒಳಗೆ ಏನಿತ್ತು ಎನ್ನುವುದೂ ಹೋಗುತ್ತದೆ. ಆ ವಸ್ತುವಿನ ಹೆಸರೇ ನಾಲಗೆಗೆ ಬರುವುದಿಲ್ಲ. ಕೊಡೆ ಕಳೆದುಕೊಂಡವರು ಅಂಗಡಿಯ ಮುಂದೆ ನಿಂತು, ತಲೆ ಮೇಲೆ ಹಿಡಿಯುತ್ತಾರಲ್ಲ ಅದು ಕೊಡಿ ಎಂದು ಕೈಸನ್ನೆ ಮಾಡುವುದು ನಮಗೆ ಹೊಸತಲ್ಲ. ವಸ್ತುವಿಗೆ ಅಂಟಿಕೊಂಡ ಮನುಷ್ಯರೂ ಅದರ ಜೊತೆಗೇ ಹೋಗಿಬಿಡುತ್ತಾರೆ. ಒಮ್ಮೆ ಮಗಳಿಗೆಂದು ಗೆಜ್ಜೆ ತಂದವನೊಬ್ಬ, ಗಂಟು ಹೋದ ಮೇಲೆ ನಾಲ್ಕು ದಿನ ತನಗಿರುವುದು ಗಂಡುಮಕ್ಕಳು ಮಾತ್ರ ಎಂದು ಹೇಳಿಕೊಂಡು ತಿರುಗಿದ್ದ. ನಾವು ಯಾರೂ ನಗಲಿಲ್ಲ. ಇಂದು ಅವನದು, ನಾಳೆ ನಮ್ಮದು.

ಅದಕ್ಕಾಗಿಯೇ ಕಿವಿ ಕೊಡುವ ಪದ್ಧತಿ ಇರುವುದು. ಎರಡೂ ದಡದಲ್ಲಿ ಲಾಂಚು ನಿಲ್ಲುವ ದಕ್ಕೆಯ ಮೇಲೆ ಉದ್ದನೆಯ ಬೆಂಚುಗಳಿವೆ. ಲಾಂಚು ಹತ್ತುವ ಮೊದಲು ಪಕ್ಕದಲ್ಲಿ ಕೂತವರಿಗೆ ನಮ್ಮ ಗಂಟಿನಲ್ಲಿರುವುದನ್ನು ಒಂದೊಂದಾಗಿ ಹೇಳಬೇಕು, ಅವರದನ್ನು ನಾವು ಕೇಳಬೇಕು. ಟಿಕೆಟಿನ ಹಿಂದೆ ಇಬ್ಬರ ಹೆಸರೂ ಬರೆಯುತ್ತಾರೆ. ಗಂಟು ಹೋದರೆ ಕಿವಿ ಕೊಟ್ಟವರು ಕಂಪನಿಯ ಕೌಂಟರಿನಲ್ಲಿ ನಿಂತು ಕೇಳಿದ್ದನ್ನು ಹೇಳುತ್ತಾರೆ. ಹೆಸರು ಕಿವಿಗೆ ಬಿದ್ದ ತಕ್ಷಣ ಕಳೆದುಕೊಂಡವರಿಗೆ ನೆನಪು ಮರಳುತ್ತದೆ. ಆದರೆ ಅರ್ಜಿಯಲ್ಲಿ ಬರೆಸಿದ್ದು ಮಾತ್ರ ಉಳಿಯುತ್ತದೆ. ಬರೆಸದೆ ಬಿಟ್ಟದ್ದು ಹದಿನೈದನೆಯ ದಿನ ಸಂಜೆ ಐದು ಗಂಟೆಗೆ ಶಾಶ್ವತವಾಗಿ ಹೋಗುತ್ತದೆ, ಅದಕ್ಕೆ ಅಂಟಿಕೊಂಡವರ ಸಮೇತ.

ಕೌಂಟರಿನ ಪಕ್ಕದ ಗೋಡೆಗೆ ಪ್ರಯಾಣಿಕರ ಹಕ್ಕುಗಳು ಎಂದು ಬರೆದ ದೊಡ್ಡ ಹಲಗೆಯಿದೆ. ಗಂಟು ಕಳೆದವರಿಗೆ ಹದಿನೈದು ದಿನ ಕಂಪನಿಯ ತಂಗುಮನೆಯಲ್ಲಿ ಜಾಗ, ಊಟ, ಉಡಲು ಬಟ್ಟೆ ಕೊಡತಕ್ಕದ್ದು. ಹೋದ ವಸ್ತುವಿಗೆ ಪರಿಹಾರ ಕೊಡತಕ್ಕದ್ದು. ಚಿನ್ನ ಬೆಳ್ಳಿಯಾದರೆ ಹತ್ತುವಾಗಲೇ ಸ್ರಾಂಗನ ಪೆಟ್ಟಿಗೆಗೆ ಒಪ್ಪಿಸಿರಬೇಕು, ಇಲ್ಲವಾದರೆ ಕಂಪನಿ ಹೊಣೆಯಲ್ಲ. ಅದರ ಕೆಳಗೆ ಇನ್ನೂ ಎರಡು ಮೂರು ಸಾಲುಗಳಿದ್ದವು. ಆ ಜಾಗಕ್ಕೆ ಸರಿಯಾಗಿ ಕಂಪನಿಯವರು ಒಂದು ಕ್ಯಾಲೆಂಡರ್ ತೂಗುಹಾಕಿದ್ದರು.

ಆ ಸಲ ನಾನು ಆಚೆ ದಡಕ್ಕೆ ಹೋಗಿ ರಾತ್ರಿ ಉಳಿದದ್ದು ಲೈನಿಂಗ್ ಬಟ್ಟೆಗೆ. ಬೆಳಿಗ್ಗೆ ಎಲೆಹಸಿರು ಕೇಳಿದರೆ ಅಂಗಡಿಯವನು ಗಿಳಿಹಸಿರು ಕತ್ತರಿಸಿದ. ಕತ್ತರಿಸಿದ ಮೇಲೆ ವಾಪಸಿಲ್ಲ ಎಂದ. ಅರ್ಧ ಗಂಟೆ ಜಗಳವಾಡಿ ಸೋತು ಬಂದು ಬೆಂಚಿನ ಮೇಲೆ ಗಂಟುಮುಖ ಹಾಕಿಕೊಂಡು ಕೂತಿದ್ದೆ. ಪಕ್ಕದಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಬಟ್ಟೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಲ್ಲಿ ಅಪ್ಪಿ ಕೂತಿದ್ದರು. ಕಿವಿ ಕೊಡುತ್ತೀರಾ ಎಂದು ಅವರೇ ಕೇಳಿದರು. ಹೆಸರು ಕುಸುಮಾವತಿ. ನನ್ನದನ್ನು ಮೊದಲು ಹೇಳಿದೆ: ಹನ್ನೆರಡು ಮೀಟರ್ ಲೈನಿಂಗ್, ಆರು ಪೊಟ್ಟಣ ಹುಕ್ಕು, ದಾರದ ಉಂಡೆಗಳು. ಅವರು ತಲೆ ಬಾಗಿಸಿ ಕೇಳಿ, ಒಂದೂ ಬಿಡದೆ ತಿರುಗಿ ಹೇಳಿದರು.

ನಾನು ಅಷ್ಟು ಶ್ರದ್ಧೆಯಿಂದ ಕೇಳಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಊರಿನ ಅರ್ಧದಷ್ಟು ಹೆಂಗಸರ ಅಳತೆ ಪುಸ್ತಕ ನೋಡದೆ ಹೇಳುವವಳು ನಾನು, ಐದಾರು ಸಾಮಾನು ನೆನಪಿಡುವುದು ಯಾವ ಮಹಾ ಎನ್ನುವ ಜಂಬ. ಎರಡು ಸೀರೆ, ಒಂದು ಹೊದಿಕೆ, ಒಂದು ಉಂಡೆ ಹುಣಸೆಹಣ್ಣು, ಒಂದು ಡಬ್ಬಿ ಅವಲಕ್ಕಿ. ಕೊನೆಯಲ್ಲಿ ದನಿ ಇಳಿಸಿ ಇನ್ನೊಂದನ್ನು ಹೇಳಿದರು. ಕಾಗದವೊಂದಿದೆ ಎಂದು ನಾನು ಕೇಳಿಸಿಕೊಂಡೆ. ಅದನ್ನು ಕೊಟ್ಟೇ ಬರಬೇಕು, ಕೊಡದೆ ಸತ್ತರೆ ತನಗೆ ಗತಿಯಿಲ್ಲ ಎಂದೂ ಅವರು ಹೇಳಿದರು. ಯಾರಿಗೆ ಎಂದು ಕೇಳಬಹುದಿತ್ತು. ನನ್ನ ಮನಸ್ಸು ಗಿಳಿಹಸಿರಿನಲ್ಲೇ ಇತ್ತು.

ನಾಲ್ಕಕ್ಕೆ ಇಳಿದಾಗ ಅವರ ಗಂಟು ಇರಲಿಲ್ಲ. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅವರು ದಕ್ಕೆಯ ಮೇಲೆ ನಿಂತಿದ್ದರು. ನಾನೇ ಕೈಹಿಡಿದು ಕೌಂಟರಿಗೆ ಕರೆದುಕೊಂಡು ಹೋದೆ. ಕೌಂಟರಿನ ಮಾಬ್ಲಣ್ಣ ಒಳ್ಳೆಯವನೇ, ಆದರೆ ಅರ್ಜಿಯಲ್ಲಿ ಒಂದು ಅಕ್ಷರ ಹೊಡೆದು ಬರೆದರೆ ಅವನಿಗೆ ರಾತ್ರಿ ನಿದ್ದೆ ಬರುವುದಿಲ್ಲ. ನಾನು ಒಂದೊಂದೇ ಹೇಳುತ್ತ ಹೋದೆ. ಸೀರೆ ಎಂದಾಗ ಕುಸುಮಕ್ಕನ ಮುಖ ಅರಳಿತು, ಹಸಿರಿನದೊಂದು, ಬೂದಿ ಬಣ್ಣದ್ದೊಂದು ಎಂದರು. ಹುಣಸೆಹಣ್ಣು ಎಂದಾಗ ಅದು ಯಾವ ಮರದ್ದು ಎನ್ನುವುದೂ ಬಂತು. ಕೊನೆಗೆ, ಒಂದು ಕಾಗದ ಎಂದೆ.

ಅವರ ಮುಖದಲ್ಲಿ ಏನೂ ಆಗಲಿಲ್ಲ. "ಕಾಗದವಾ? ನಂಗೆ ಬರೀಲಿಕ್ಕೇ ಬರೂದಿಲ್ಲಲ್ಲ ಮಾರಾಯ್ತಿ" ಎಂದರು.

ಬೇರೆ ಯಾರೋ ಬರೆದುಕೊಟ್ಟಿರಬೇಕು, ನೆನಪು ಒಮ್ಮೊಮ್ಮೆ ತಡವಾಗಿ ಬರುವುದುಂಟು ಎಂದು ಮಾಬ್ಲಣ್ಣ ಸಮಾಧಾನ ಹೇಳಿದ. ಕೊನೆಯ ಸಾಲಿನಲ್ಲಿ ಕಾಗದ ಎಂದು ಮುದ್ದಾಗಿ ಬರೆದ. ನಾನು ಕೆಳಗೆ ರುಜು ಹಾಕಿದೆ.

ಮರುದಿನ ನೆನಪು ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಕುಸುಮಕ್ಕ ತಂಗುಮನೆಯಲ್ಲಿ ಉಂಡು ನೇರ ನನ್ನ ಅಂಗಡಿಗೆ ಬಂದು ಕೂರತೊಡಗಿದರು. ಸುಮ್ಮನೆ ಕೂರುವ ಜಾತಿಯಲ್ಲ, ಹುಕ್ಕು ಹಾಕಿಕೊಟ್ಟರು, ಅಂಚು ಹೊಲಿದುಕೊಟ್ಟರು. ತಾನು ಈ ಊರಿಗೆ ಬಂದದ್ದು ಯಾಕೆ ಎಂದು ಅವರಿಗೆ ಗೊತ್ತಿರಲಿಲ್ಲ. ಇಲ್ಲಿ ಯಾರೋ ಇದ್ದಾರೆ ಎನ್ನುವುದು ಮಾತ್ರ ಗೊತ್ತಿತ್ತು. ಗಂಡಸೋ ಹೆಂಗಸೋ ಎಂದು ಕೇಳಿದರೆ ಕಣ್ಣು ಮುಚ್ಚಿ ಯೋಚಿಸಿ, ಕಾಣೂದಿಲ್ಲ ಎನ್ನುತ್ತಿದ್ದರು. ಯಾರಿಗೋ ಬರೆದ ಕಾಗದ, ಆ ಯಾರೋ ಸಿಕ್ಕಿದರೆ ಉಳಿದದ್ದೂ ಸಿಗುತ್ತದೆ ಎಂದು ನಾನು ಲೆಕ್ಕ ಹಾಕಿದೆ. ಆಚೆ ದಡದಿಂದ ಕಾಗದಕ್ಕೆ ಕಾಯುತ್ತಿರುವವರು ನನ್ನ ಅಂಗಡಿಗೆ ಬನ್ನಿ ಎಂದು ಊರಿಗೆಲ್ಲ ಹೇಳಿ ಕಳಿಸಿದೆ.

ಹೇಳಿ ಕಳಿಸಬಾರದಿತ್ತು. ಕಾಗದಕ್ಕೆ ಕಾಯುವವರು ಊರಿನಲ್ಲಿ ಇಷ್ಟು ಜನ ಇದ್ದಾರೆಂದು ಯಾರಿಗೆ ಗೊತ್ತಿತ್ತು? ಹನ್ನೊಂದು ವರ್ಷದಿಂದ ವರ್ಗಾವಣೆಯ ಆದೇಶ ಕಾಯುತ್ತಿದ್ದ ಹೆಡ್ಮಾಸ್ತರರು ಬಂದು, ಸರಕಾರದವರು ನಿಮ್ಮ ಕೈಯಲ್ಲೇನಾದರೂ ಕೊಟ್ಟಿದ್ದರೇ ಎಂದು ಕುಸುಮಕ್ಕನನ್ನು ಕೇಳಿದರು. ಹಡಗಿನ ಕೆಲಸಕ್ಕೆ ಹೋಗಿ ಸುದ್ದಿಯಿಲ್ಲದ ಮಗನ ಅಪ್ಪ ದೂಮಣ್ಣ ಬಂದು ಏನೂ ಕೇಳದೆ ಒಂದು ಮಧ್ಯಾಹ್ನವಿಡೀ ಕೂತು ಎದ್ದು ಹೋದರು. ಐಸ್ ಫ್ಯಾಕ್ಟರಿಯ ಹುಡುಗಿಯೊಬ್ಬಳು, ಕಾಗದದಲ್ಲಿ ಒಪ್ಪಿಗೆ ಎಂದಿದ್ದರೆ ಮಾತ್ರ ತನ್ನದು, ಇಲ್ಲವಾದರೆ ತನ್ನದಲ್ಲ ಎಂದಳು. ಕುಸುಮಕ್ಕ ಎಲ್ಲರ ಮುಖವನ್ನೂ ದಿಟ್ಟಿಸಿ ನೋಡಿ, ಇರಬಹುದು, ಇರಲೂಬಹುದು ಎನ್ನುತ್ತಿದ್ದರು. ಅಷ್ಟು ಕೇಳಿಸಿಕೊಂಡೇ ಅವರೆಲ್ಲ ಹಗುರಾಗಿ ಹೋಗುತ್ತಿದ್ದರು. ಹಗುರಾಗದೆ ಉಳಿದವರು ನಾವಿಬ್ಬರೇ. ಅಷ್ಟು ಜನಕ್ಕೆ ಚಹಾ ಕಾಯಿಸಿ ನನ್ನ ಪಾತ್ರೆಯ ತಳ ಕರಕಲಾಗಿತ್ತು.

ಹನ್ನೆರಡನೆಯ ದಿನ ಮಾಬ್ಲಣ್ಣ ತಾನೇ ಅಂಗಡಿಗೆ ಬಂದ. ಅವನ ಕೈಯಲ್ಲಿ ಒಂದು ಹಾಳೆ. ಕಾಗದ ಇರಲಿಲ್ಲ, ಕಿವಿ ಕೊಟ್ಟವರು ತಪ್ಪಿ ಹೇಳಿದ್ದು ಎಂದು ಕುಸುಮಕ್ಕ ಹೆಬ್ಬೆಟ್ಟು ಒತ್ತಿದರೆ ಅರ್ಜಿ ಮುಗಿಯುತ್ತದೆ, ಉಳಿದ ಸಾಮಾನಿನ ಪರಿಹಾರ ಕೈಗೆ ಬರುತ್ತದೆ ಎಂದ. ಇನ್ನೊಂದು ಮಾತೂ ಹೇಳಿದ. ಇರಲಿಲ್ಲ ಎಂದು ಒತ್ತಿದವರಿಗೆ ಎದೆಯ ಚಡಪಡಿಕೆ ಅಲ್ಲಿಗೇ ನಿಲ್ಲುತ್ತದಂತೆ, ಮರೆತಿದ್ದೇನೆ ಎನ್ನುವುದೂ ಮರೆತುಹೋಗುತ್ತದಂತೆ. ಅವನು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೂ ಕತ್ತರಿ ಎತ್ತಿ ಅವನ ಹಾಳೆಯನ್ನು ಚೂರು ಮಾಡಬೇಕೆನಿಸಿತು ನನಗೆ.

ಹದಿನೈದು ಆಗುವವರೆಗೆ ನೋಡುತ್ತೇನೆ ಎಂದು ಕುಸುಮಕ್ಕ ಅವನನ್ನು ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನಂಗೆ ಸಾಕಾಯ್ತು ಗುಲಾಬಿ. ಎದೆಯೊಳಗೆ ಯಾರೋ ಬಾಗಿಲು ಬಡೀತಾ ಇದ್ದಾರೆ. ನಂಗೆ ಚಿಲಕ ಸಿಕ್ಕೂದಿಲ್ಲ. ಹೀಗೆ ಬಡಿಸಿಕೊಳ್ಳೂದಕ್ಕಿಂತ ಬಾಗಿಲೇ ಇಲ್ಲ ಅಂದ್ಕೊಂಡ್ರೆ ಅವರಿಗೂ ಸುಖ, ನಂಗೂ ಸುಖ" ಎಂದರು.

ನಾನು ಬೇಡ ಎನ್ನಲಿಲ್ಲ. ಬೇಡ ಎನ್ನಲು ನನ್ನ ಹತ್ತಿರ ಏನೂ ಇರಲಿಲ್ಲ. ಕಿವಿ ಕೊಟ್ಟವಳು ನಾನು, ನನ್ನ ಬಾಯಿಂದ ಬಂದದ್ದು ಅವರಿಗೆ ತಾಗಲಿಲ್ಲ ಎಂದರೆ ತಪ್ಪು ಎಲ್ಲಿದೆ ಎಂದು ಒಳಗೊಳಗೇ ಗೊತ್ತಿತ್ತು. ಆದರೆ ಏನು ತಪ್ಪು ಎನ್ನುವುದು ಹೊಳೆಯುತ್ತಿರಲಿಲ್ಲ. ಮೂರು ದಿನ ನನಗೆ ಅನ್ನ ಸೇರಲಿಲ್ಲ.

ಹದಿನೈದನೆಯ ದಿನ ಮಧ್ಯಾಹ್ನ ಮೂರೂವರೆಗೆ ಕುಸುಮಕ್ಕ ತಲೆ ಬಾಚಿಕೊಂಡು, ಕಂಪನಿ ಕೊಟ್ಟ ಸೀರೆಯನ್ನು ನೀಟಾಗಿ ಉಟ್ಟು ಅಂಗಡಿಗೆ ಬಂದರು. ಹೆಬ್ಬೆಟ್ಟು ಒತ್ತಿ ನಾಳೆಯ ಲಾಂಚಿಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಅದೇ ಹೊತ್ತಿಗೆ ನೆರೆಮನೆಯ ಮೈಮೂನಾ ತನ್ನ ಒಂದೂವರೆ ವರ್ಷದ ಮಗಳನ್ನು ಎತ್ತಿಕೊಂಡು ಅಳತೆ ಕೊಡಲು ಬಂದಳು. ನಾನು ಅಳತೆ ತೆಗೆಯುವಾಗ ಮಗು ಕುಸುಮಕ್ಕನ ತೊಡೆಯೇರಿತು. ಹಿಂದಿನ ವಾರವಷ್ಟೇ ಕಿವಿ ಚುಚ್ಚಿಸಿ ಚಿನ್ನ ಹಾಕಿಸಿದ್ದರು.

ಕುಸುಮಕ್ಕ ಮಗುವಿನ ಕಿವಿಯನ್ನು ಬೆರಳ ತುದಿಯಿಂದ ಮುಟ್ಟಿದರು. "ಚಂದ ಉಂಟು ಇದು. ಇದು, ಈ ಕಿವಿಯದು" ಎಂದರು. ಮಾತು ತಡೆಯಿತು. "ಇದಕ್ಕೆ ಎಂತ ಹೇಳ್ತಾರೆ ಮೈಮೂನಾ?"

ಬೆಂಡು ಅಲ್ಲವಾ ಅಜ್ಜಿ ಎಂದು ಮೈಮೂನಾ ನಕ್ಕಳು. ಬೆಂಡು, ಬೆಂಡು ಎಂದು ಕುಸುಮಕ್ಕ ಎರಡು ಸಲ ಹೇಳಿಕೊಂಡರು. ಪರದೇಶದ ಮಾತು ಕಲಿಯುವವರ ಹಾಗಿತ್ತು. ಅಲ್ಲ, ನಮ್ಮ ಕಡೆ ಹಾಗನ್ನುವುದಿಲ್ಲ ಎಂದು ತಲೆಯಾಡಿಸಿದರು. ಅವರ ಬೆರಳು ಮಗುವಿನ ಕಿವಿ ಬಿಡಲಿಲ್ಲ.

ನನ್ನ ಕೈಯ ಟೇಪು ಮೈಮೂನಾಳ ಭುಜದ ಮೇಲೇ ನಿಂತಿತು. ಹದಿನೈದು ದಿನದಿಂದ ಕುಸುಮಕ್ಕ ನನ್ನೆದುರು ಕೂತು ನೂರು ಸಲ ಕಾಗದ ಎಂದಿದ್ದರು. ಕಾಗದ ಯಾರದು, ಕಾಗದ ಎಲ್ಲಿ, ಕಾಗದ ಬರೆಯಲು ತನಗೆ ಬರುವುದಿಲ್ಲ. ಒಮ್ಮೆಯೂ ನಾಲಗೆ ತಡೆದಿರಲಿಲ್ಲ. ಕಳೆದದ್ದು ಕಾಗದವೇ ಆಗಿದ್ದರೆ, ನೆನಪು ಮರಳುವ ತನಕ ಆ ಹೆಸರು ಅವರ ಬಾಯಿಗೇ ಬರಬಾರದಿತ್ತು. ಇಷ್ಟು ಸಣ್ಣ ವಿಷಯ ನನಗೂ ಹೊಳೆಯಲಿಲ್ಲ, ಮಾಬ್ಲಣ್ಣನಿಗೂ ಹೊಳೆಯಲಿಲ್ಲ, ಚಹಾ ಕುಡಿದು ಹೋದ ಅಷ್ಟು ಜನಕ್ಕೂ ಹೊಳೆಯಲಿಲ್ಲ.

ಕಣ್ಣು ಮುಚ್ಚಿ ಮನಸ್ಸಿನಲ್ಲೇ ದಕ್ಕೆಯ ಬೆಂಚಿನ ಮೇಲೆ ಮತ್ತೆ ಕೂತೆ. ಗಿಳಿಹಸಿರನ್ನು ಆಚೆ ಸರಿಸಿ ಅವರ ದನಿಯನ್ನು ಕೇಳಿದೆ. ಸೀರೆ, ಹೊದಿಕೆ, ಹುಣಸೆಹಣ್ಣು, ಅವಲಕ್ಕಿ. ಆಮೇಲೆ ಅವರು ಕಾಗದ ಎಂದಿರಲೇ ಇಲ್ಲ. ಓಲೆ ಎಂದಿದ್ದರು. ನಮ್ಮಜ್ಜಿ ಕಾಗದಕ್ಕೆ ಓಲೆ ಎನ್ನುತ್ತಿದ್ದಳು. ಆಚೆ ದಡದವರು ಇನ್ನೂ ಅಜ್ಜಿಯ ಕಾಲದಲ್ಲೇ ಇದ್ದಾರಲ್ಲ ಎಂದು ಮನಸ್ಸಿನಲ್ಲೇ ನಕ್ಕು, ಓಲೆಯನ್ನು ತೆಗೆದು ಕಾಗದ ಎಂದು ಇಟ್ಟುಕೊಂಡಿದ್ದೆ. ಬುದ್ಧಿವಂತೆ ನಾನು.

"ಕುಸುಮಕ್ಕ, ಓಲೆ" ಎಂದೆ. "ನಿಮ್ಮ ಗಂಟಲ್ಲಿ ಇದ್ದದ್ದು ಒಂದು ಓಲೆ."

ಅವರು ಮಗುವನ್ನು ಮೆಲ್ಲಗೆ ಕೆಳಗಿಳಿಸಿದರು. ಆಮೇಲೆ, "ಜಲಜ" ಎಂದರು. "ನನ್ನ ತಂಗಿ. ಅಯ್ಯೋ, ನಂಗೊಬ್ಬಳು ತಂಗಿ ಇದ್ದಾಳೆ."

ಅವರು ಹೇಳುತ್ತ ಹೋದರು, ನಾನು ಅವರ ತೋಳು ಹಿಡಿದು ದಕ್ಕೆಯ ಕಡೆ ಎಳೆದುಕೊಂಡು ನಡೆಯುತ್ತ ಹೋದೆ. ಮೈಮೂನಾ ಅಂಗಡಿ ಕಾಯಲು ಕೂತಳು. ಹತ್ತೊಂಬತ್ತು ವರ್ಷದ ಹಿಂದೆ ಅವರ ಅಮ್ಮ ಹಾಸಿಗೆ ಹಿಡಿದಿದ್ದರು. ಹಗಲು ರಾತ್ರಿ ಪಕ್ಕದಲ್ಲಿದ್ದು ನೋಡಿಕೊಂಡವಳು ಜಲಜ. ಅಮ್ಮ ತೀರಿಕೊಂಡ ದಿನ ನೋಡಿದರೆ ಬಲಗಿವಿಯ ಓಲೆ ಇಲ್ಲ. ನೆರೆದ ನೆಂಟರಿಷ್ಟರ ಎದುರೇ ಕುಸುಮಕ್ಕ, ನಿನ್ನ ಕೈ ಬಿಟ್ಟು ಬೇರೆ ಯಾರ ಕೈಯೂ ಅಮ್ಮನ ಹತ್ತಿರ ಬಂದಿಲ್ಲ ಎಂದು ತಂಗಿಗೆ ಹೇಳಿದ್ದರು. ಹನ್ನೆರಡನೆಯ ದಿನದ ಊಟವನ್ನೂ ಉಣ್ಣದೆ ಜಲಜ ಲಾಂಚು ಹತ್ತಿದ್ದಳು. ಆಚೆ ದಡದ ಅವರ ಊರಿನಲ್ಲಿ ಎಲ್ಲರ ಬಾಯಲ್ಲಿ ಅವಳು ಓಲೆ ಕದ್ದ ಜಲಜ. ಈ ವರ್ಷ ಅಮ್ಮನ ಬೂರುಗದ ಹತ್ತಿಯ ದಿಂಬನ್ನು ಹೊಸದಾಗಿ ತುಂಬಿಸಲೆಂದು ಬಿಚ್ಚಿದರೆ ಒಳಗೆ ಹತ್ತಿಯ ನಡುವೆ ಓಲೆ ಸಿಕ್ಕಿತು.

ಕೌಂಟರಿಗೆ ಮುಟ್ಟಿದಾಗ ಐದಕ್ಕೆ ಇಪ್ಪತ್ತು ನಿಮಿಷ ಬಾಕಿ. ಮಾಬ್ಲಣ್ಣ ಹೆಬ್ಬೆಟ್ಟಿನ ಶಾಯಿ ತೆರೆದಿಟ್ಟು ಕಾಯುತ್ತಿದ್ದ. ಕಾಗದ ಅಲ್ಲ ಓಲೆ, ತಿದ್ದು ಎಂದೆ. ಅವನು ಅರ್ಜಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದ. "ಆಗೂದಿಲ್ಲ ಗುಲಾಬಕ್ಕ. ನೀವೇ ಕಾಗದ ಅಂತ ರುಜು ಹಾಕಿದ್ದೀರಿ. ಬೇಕಾದ್ರೆ ಇರಲಿಲ್ಲ ಅಂತ ಬರೀಬಹುದು, ಬೇರೆ ಇತ್ತು ಅಂತ ತಿದ್ದಲಿಕ್ಕೆ ನಂಗೆ ಅಧಿಕಾರ ಇಲ್ಲ" ಎಂದ.

ಬರೆಸದಿದ್ದರೆ ಇನ್ನು ಇಪ್ಪತ್ತು ನಿಮಿಷಕ್ಕೆ ಜಲಜ ಮತ್ತೆ ಹೋಗುತ್ತಾಳೆ, ಈ ಸಲ ಬರುವುದೇ ಇಲ್ಲ. ಏನು ಮಾಡಲೂ ತೋಚದೆ ಗೋಡೆ ನೋಡಿದೆ. ಸಿಟ್ಟಿಗೆ ಆ ಕ್ಯಾಲೆಂಡರನ್ನು ಕಿತ್ತು ಬಿಸಾಡಿದೆ. ಹಕ್ಕುಗಳ ಹಲಗೆಯ ಕೊನೆಯ ಸಾಲುಗಳು ಅಷ್ಟು ವರ್ಷ ಬಿಸಿಲು ಕಾಣದೆ ಮೇಲಿನವಕ್ಕಿಂತ ನಿಚ್ಚಳವಾಗಿದ್ದವು. ದೊಡ್ಡ ದನಿಯಲ್ಲಿ ಓದಿದೆ: ಗಂಟಿನಲ್ಲಿದ್ದುದನ್ನು ಪ್ರಯಾಣಿಕರ ಮಾತಿನಲ್ಲಿಯೇ ಬರೆದುಕೊಳ್ಳತಕ್ಕದ್ದು. ಬೇರೆ ಮಾತಿನಲ್ಲಿ ಬರೆದ ಅರ್ಜಿ ಅರ್ಜಿಯಲ್ಲ. ಪರಿಹಾರ ಇಲ್ಲವೆಂದಾದರೂ ಕಾರಣವನ್ನು ಬರೆದು, ಮೊಹರು ಹಾಕಿ ಪ್ರಯಾಣಿಕರಿಗೆ ಕೊಡತಕ್ಕದ್ದು.

ಮಾಬ್ಲಣ್ಣ ಎದ್ದು ಬಂದು ತಾನೂ ಓದಿದ. ಬೆರಳಿಟ್ಟು ಇನ್ನೊಮ್ಮೆ ಓದಿದ. ಅವನು ಅಲ್ಲಿ ಕೆಲಸಕ್ಕೆ ಸೇರುವ ಮೊದಲೇ ಆ ಕ್ಯಾಲೆಂಡರಿನ ಮೊಳೆ ಗೋಡೆಯಲ್ಲಿತ್ತಂತೆ. ಹಳೆಯ ಹಾಳೆಯನ್ನು ಮಡಚಿ ಬದಿಗಿಟ್ಟು ಹೊಸ ಹಾಳೆ ತೆಗೆದ. ಅವನ ಆ ಒಂದು ಕೆಲಸಕ್ಕೆ ಅವನ ಉಳಿದದ್ದನ್ನೆಲ್ಲ ನಾನು ಕ್ಷಮಿಸಿದೆ.

ಸೀರೆ, ಹೊದಿಕೆ ಎಲ್ಲ ಬರೆದಾಯಿತು. ಓಲೆಗೆ ಬಂದಾಗ ಕರ್ಣಾಭರಣ ಎಂದು ಬರೆಯಲು ಹೊರಟ. ಓಲೆ ಎಂದು ಬರಿ, ಎರಡೇ ಅಕ್ಷರ ಎಂದೆ. ಓಲೆ ಎಂದು ಬರೆದ. ನಮ್ಮಮ್ಮಂದು ಎಂದರು ಕುಸುಮಕ್ಕ, ಬರೆದ. ದಿಂಬಿನೊಳಗೆ ಸಿಕ್ಕಿದ್ದು ಎಂದರು, ಬರೆದ. ನನ್ನ ತಂಗಿ ಜಲಜ ತೆಗೆದದ್ದಲ್ಲ ಎಂದರು. ಅಲ್ಲಿ ಅವನ ಪೆನ್ನು ನಿಂತಿತು. ಗಂಟಿನಲ್ಲಿದ್ದ ಸಾಮಾನನ್ನಷ್ಟೇ ಬರೆಯಬಹುದು, ಇದು ಸಾಮಾನಲ್ಲವಲ್ಲ ಎಂದ.

"ಅದೂ ಗಂಟಲ್ಲೇ ಇತ್ತು" ಎಂದರು ಕುಸುಮಕ್ಕ. "ಅದನ್ನ ಕೊಡ್ಲಿಕ್ಕೇ ನಾ ಬಂದದ್ದು."

ಮಾಬ್ಲಣ್ಣ ಗಡಿಯಾರ ನೋಡಿದ. ಐದಕ್ಕೆ ನಾಲ್ಕು ನಿಮಿಷ ಇತ್ತು. ಬರೆದ. ಕುಸುಮಕ್ಕ ಹೆಬ್ಬೆಟ್ಟು ಒತ್ತಿದರು, ನಾನು ರುಜು ಹಾಕಿದೆ. ದಕ್ಕೆಯ ಗಂಟೆ ಐದು ಹೊಡೆಯುವಾಗ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಹೊಡೆದು ಮುಗಿಯಿತು. ತಂಗಿಯ ಹೆಸರೇನು ಎಂದು ಕೇಳಿದೆ. ಜಲಜ ಎಂದರು. ಇನ್ನೊಮ್ಮೆ ಕೇಳಿದೆ, ಇನ್ನೊಮ್ಮೆ ಹೇಳಿದರು. ನಾನು ಅಲ್ಲೇ ಕೌಂಟರಿಗೆ ಒರಗಿ ಅತ್ತುಬಿಟ್ಟೆ. ಹದಿನೈದು ದಿನದ ಅಳು ಅದು, ಅತ್ತ ಮೇಲೆ ಹೊಟ್ಟೆ ಹಸಿಯಿತು. ಓಲೆ ಚಿನ್ನದ್ದು, ಸ್ರಾಂಗನಿಗೆ ಒಪ್ಪಿಸಿದ್ದಲ್ಲ, ಅದಕ್ಕೆ ಪರಿಹಾರ ಸಿಗುವುದಿಲ್ಲ ಎಂದು ಮಾಬ್ಲಣ್ಣ ಹಿಂದಿನಿಂದ ಹೇಳುತ್ತಿದ್ದ. ಆಗಲಿ ಮಾರಾಯ ಎಂದೆ.

ಬಲೆ ಹೆಣೆಯುವ ಜಲಜಕ್ಕ ನನಗೆ ಗೊತ್ತಿದ್ದವರೇ. ಊರಾಚೆಯ ಮರಳುದಿಣ್ಣೆಯ ಮೇಲೆ ಒಂಟಿ ಮನೆ. ವರ್ಷಕ್ಕೆ ಎರಡು ರವಿಕೆ ಹೊಲಿಸುತ್ತಾರೆ, ಹೆಚ್ಚು ಮಾತಿಲ್ಲ. ಕಿವಿಗೆ ಒಂದು ಕಡ್ಡಿಯನ್ನೂ ಹಾಕಿದ್ದನ್ನು ನಾನು ಕಂಡಿಲ್ಲ. ನಾವು ಹೋದಾಗ ಹೊರಗೆ ಕೂತು ಬಲೆಯ ಹರಿದ ಜಾಗ ಹೆಣೆಯುತ್ತಿದ್ದರು. ಅಕ್ಕನನ್ನು ನೋಡಿ ಆಶ್ಚರ್ಯಪಡಲಿಲ್ಲ. ಕುಸುಮಾವತಿ ಎನ್ನುವವರು ಬಂದು ಗಂಟು ಕಳೆದುಕೊಂಡಿದ್ದಾರೆಂದು ಮೀನುಗಾರರು ಹೇಳಿದ್ದರಂತೆ. ಆದರೂ ಹದಿನೈದು ದಿನ ಜಲಜಕ್ಕ ದಕ್ಕೆಯ ಕಡೆ ಕಾಲಿಟ್ಟಿರಲಿಲ್ಲ.

ಕುಸುಮಕ್ಕ ನಿಂತೇ ಎಲ್ಲ ಹೇಳಿದರು. ತಪ್ಪಾಯಿತು ಎಂದರು. ಓಲೆ ಎಲ್ಲಿ ಎಂದು ಜಲಜಕ್ಕ ಕೇಳಿದರು. ಕಡಲಿಗೆ ಹೋಯಿತು ಎಂದಾಗ ನನ್ನ ಕಡೆ ನೋಡಿದರು. ಬೆಂಚಿನ ಮೇಲೆ ನಾನು ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದೆ, ಈ ಸಲ ಒಂದು ಮಾತನ್ನೂ ಬದಲಿಸದೆ.

ಜಲಜಕ್ಕ ಎದ್ದು ಒಳಗೆ ಹೋಗಿ ಇಬ್ಬರಿಗೂ ಗಂಜಿ ಬಡಿಸಿದರು. ನಾವು ಉಣ್ಣುವಾಗ ಹೇಳಿದರು, "ನಾ ನಂಬಿದೆ ಅಕ್ಕ. ಆದ್ರೆ ಅವತ್ತು ನೀ ಹೇಳಿದ್ದನ್ನ ಊರೆಲ್ಲ ಕೇಳಿತ್ತು. ಇವತ್ತು ಹೇಳಿದ್ದನ್ನ ನಾನೂ ಈ ಗುಲಾಬಿಯೂ ಕೇಳಿದ್ದು. ಅಲ್ಲಿಯವರಿಗೆ ಎಂತ ತೋರ್ಸೂದು?"

ಮರುದಿನದ ಲಾಂಚಿಗೆ ಕುಸುಮಕ್ಕ ಹೋಗಲಿಲ್ಲ. ತಂಗಿಯ ಮನೆಯಲ್ಲೇ ಉಳಿದರು. ಒಂದು ಕೋಣೆಯ ಮನೆ, ಸಿಟ್ಟಾದರೂ ದೂರ ಹೋಗಿ ಕೂರಲು ಜಾಗವಿಲ್ಲ. ನಾನು ಎರಡು ದಿನಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದೆ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ, ಬೇರೆ ಬೇರೆ ಉಣ್ಣುತ್ತಲೂ ಇರಲಿಲ್ಲ.

ಒಂಬತ್ತನೆಯ ದಿನ ಕಂಪನಿಯ ಉತ್ತರ ನನ್ನ ಅಂಗಡಿಯ ವಿಳಾಸಕ್ಕೆ ಬಂತು. ಒಡೆದು ಓದಿದೆ. ಓದಿ ಮುಗಿಸಿ ಮೆಶಿನ್ನಿನ ಮೇಲಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಮರಳುದಿಣ್ಣೆಗೆ ನಡೆದೆ. ಬಿಸಿಲು ನೆತ್ತಿಯ ಮೇಲಿತ್ತು, ಚಪ್ಪಲಿಯೊಳಗೆ ಮರಳು ಸುಡುತ್ತಿತ್ತು, ಆದರೂ ನಗು ತಡೆಯಲಾಗಲಿಲ್ಲ. ಅಕ್ಕ ತಂಗಿ ಇಬ್ಬರಿಗೂ ಓದಲು ಬರುವುದಿಲ್ಲ. ಹೊರಗಿನ ನೆರಳಲ್ಲಿ ಕೂರಿಸಿ ಓದಿ ಹೇಳಿದೆ.

ಪ್ರಯಾಣಿಕರಾದ ಕುಸುಮಾವತಿ ಇವರ ಗಂಟಿನಲ್ಲಿ ಒಂದು ಓಲೆ, ನಮ್ಮಮ್ಮಂದು, ದಿಂಬಿನೊಳಗೆ ಸಿಕ್ಕಿದ್ದು, ನನ್ನ ತಂಗಿ ಜಲಜ ತೆಗೆದದ್ದಲ್ಲ, ಇದ್ದಿತೆಂಬುದನ್ನು ಕಂಪನಿಯು ವಿಚಾರಣೆ ಮಾಡಿ ಸತ್ಯವೆಂದು ಒಪ್ಪಿರುತ್ತದೆ. ಸದರಿ ಓಲೆ, ನಮ್ಮಮ್ಮಂದು, ದಿಂಬಿನೊಳಗೆ ಸಿಕ್ಕಿದ್ದು, ನನ್ನ ತಂಗಿ ಜಲಜ ತೆಗೆದದ್ದಲ್ಲ, ಚಿನ್ನದ್ದಾಗಿದ್ದು ಸ್ರಾಂಗರ ಪೆಟ್ಟಿಗೆಗೆ ಒಪ್ಪಿಸದೇ ಇದ್ದುದರಿಂದ ಪರಿಹಾರಕ್ಕೆ ಹಕ್ಕಿರುವುದಿಲ್ಲ. ಕೆಳಗೆ ಮ್ಯಾನೇಜರರ ರುಜು, ಎರಡು ಕಡೆ ಕಂಪನಿಯ ನೀಲಿ ಮೊಹರು. ಮಾಬ್ಲಣ್ಣ ಒಂದು ಅಕ್ಷರ ಬಿಟ್ಟಿರಲಿಲ್ಲ.

ಜಲಜಕ್ಕ ಕೈಯೊರೆಸಿಕೊಂಡು ಹಾಳೆಯನ್ನು ಇಸಿದುಕೊಂಡರು. ಮೊಹರಿನ ಮೇಲೆ ಬೆರಳಾಡಿಸಿದರು. ತಮ್ಮ ಹೆಸರು ಎಲ್ಲಿದೆ ಎಂದು ಕೇಳಿದರು, ಎರಡು ಕಡೆ ತೋರಿಸಿದೆ. ಪರಿಹಾರ ಇಲ್ಲವಂತೆ ಜಲಜ, ನಿಂಗೆ ಕೊಡಲಿಕ್ಕೆ ನನ್ನ ಕೈಯಲ್ಲಿ ಏನೂ ಉಳೀಲಿಲ್ಲ ಎಂದು ಕುಸುಮಕ್ಕ ಮೆಲ್ಲಗೆ ಹೇಳಿದರು.

"ಅದು ಕೆಳಗಿನ ಮಾತು" ಎಂದರು ಜಲಜಕ್ಕ. ಹಾಳೆಯನ್ನು ನನ್ನ ಕೈಗೆ ಕೊಟ್ಟರು. "ಗುಲಾಬಿ, ಮೇಲಿಂದು ಇನ್ನೊಂದು ಸಲ ಓದು. ಜೋರಾಗಿ ಓದು."

ನಾನು ಎದ್ದು ನಿಂತು ಓದಿದೆ. ದೂರದಲ್ಲಿ ದೋಣಿ ಒರೆಸುತ್ತಿದ್ದ ಇಬ್ಬರು ತಲೆಯೆತ್ತಿ ನೋಡಿದರು.